ಪಿ.ಟಿ. ಸರ್‌ಗೆ ನನ್ನ ಮಗನ ಮೇಲೆ ಅತಿಯಾದ ಅಕ್ಕರೆ: ನಾನು ಸುಮ್ನೆ ಅನುಮಾನ ಪಡ್ತಿದ್ದೀನಾ?

ಪ್ರಶ್ನೆ: ನನ್ನ ಮಗನಿಗೆ 13 ವರ್ಷ, ಏಳನೇ ಕ್ಲಾಸ್. ಓಟದಲ್ಲಿ ಚುರುಕು. ಈ ಸಲ ತಾಲೂಕು ಮಟ್ಟದಲ್ಲಿ ಗೆದ್ದು ಜಿಲ್ಲಾ ಮಟ್ಟಕ್ಕೆ ಆಯ್ಕೆಯಾಗಿದ್ದಾನೆ. ಅವನ ಪಿ.ಟಿ. ಸರ್‌ಗೆ ಅವನೆಂದರೆ ಪ್ರಾಣ. ಶೂ ಕೊಡಿಸಿದ್ದಾರೆ. ಪ್ರಾಕ್ಟೀಸ್ ಮುಗಿದ ಮೇಲೆ ಬೈಕ್‌ನಲ್ಲಿ ಮನೆಗೆ ಬಿಡುತ್ತಾರೆ. ನಮ್ಮ ಮನೆಯಲ್ಲಿ ಎಷ್ಟೋ ಸಲ ಊಟ ಮಾಡಿದ್ದಾರೆ. ಆದರೆ ಇತ್ತೀಚೆಗೆ ರಾತ್ರಿ ಹತ್ತು ಗಂಟೆಯ ಮೇಲೂ ನನ್ನ ಫೋನ್‌ಗೆ ಅವನಿಗಾಗಿ ಮೆಸೇಜ್ ಕಳಿಸುತ್ತಾರೆ. ಅವನು ಓದಿ ಅಳಿಸಿಬಿಡುತ್ತಾನೆ. ಯಾಕೆ ಅಂದರೆ, "ಸರ್ ಹೇಳಿದ್ದಾರೆ, ಬೇರೆ ಹುಡುಗರಿಗೆ ಗೊತ್ತಾದ್ರೆ ಹೊಟ್ಟೆಕಿಚ್ಚು ಪಡ್ತಾರಂತೆ" ಅನ್ನುತ್ತಾನೆ. ಈಗ ಜಿಲ್ಲಾ ಕ್ರೀಡಾಕೂಟಕ್ಕೆ ಹಿಂದಿನ ದಿನವೇ ಇವನೊಬ್ಬನನ್ನು ಕರೆದುಕೊಂಡು ಹೋಗಿ ಲಾಡ್ಜ್‌ನಲ್ಲಿ ಉಳಿಯುತ್ತೇನೆ ಅಂತಿದ್ದಾರೆ. ನನಗೇಕೋ ಮನಸ್ಸು ಒಪ್ಪುತ್ತಿಲ್ಲ. ಯಜಮಾನರು, "ಗಂಡು ಹುಡುಗ, ಏನಾಗುತ್ತೆ? ಒಳ್ಳೆ ಮೇಷ್ಟ್ರ ತಲೆ ಮೇಲೆ ಗೂಬೆ ಕೂರಿಸಬೇಡ" ಅಂತ ಬೈಯುತ್ತಾರೆ. ಏನು ಮಾಡಲಿ?
(ಒಬ್ಬ ತಾಯಿ)

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮಗನನ್ನು ಆ ಲಾಡ್ಜ್‌ಗೆ ಕಳಿಸಬೇಡಿ. ಈ ತೀರ್ಮಾನಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆ ಸರ್ ಎಷ್ಟೇ ಒಳ್ಳೆಯವರಾಗಿರಲಿ, ಒಬ್ಬ ಶಿಕ್ಷಕರು ಒಬ್ಬನೇ ವಿದ್ಯಾರ್ಥಿಯನ್ನು ಕರೆದುಕೊಂಡು ಹೋಗಿ ಒಂದೇ ರೂಮಿನಲ್ಲಿ ರಾತ್ರಿ ಕಳೆಯುವುದು ತಪ್ಪು. ನೀವು ಅವರ ಮೇಲೆ ಆರೋಪ ಹೊರಿಸುತ್ತಿಲ್ಲ. ಒಂದು ಏರ್ಪಾಡಿಗೆ ಬೇಡ ಅನ್ನುತ್ತಿದ್ದೀರಿ. ಬೇಡ ಅನ್ನುವ ಹಕ್ಕು ತಾಯಿಗೆ ಇದೆ.

ಇನ್ನು ನಿಮ್ಮ ಅನುಮಾನದ ಮಾತು. ಒಂದು ಪತ್ರ ಓದಿ ಆ ಮನುಷ್ಯ ಇಂಥವರೇ ಎಂದು ತೀರ್ಪು ಕೊಡಲು ನನಗಾಗುವುದಿಲ್ಲ, ಕೊಡಲೂಬಾರದು. ಆದರೆ ನೀವು ಬರೆದಿರುವ ಸಂಗತಿಗಳು ಒಂದರ ಹಿಂದೆ ಒಂದು ಬಂದಿರುವ ಕ್ರಮ ಇದೆಯಲ್ಲ, ಅದು ಮಕ್ಕಳ ರಕ್ಷಣೆಯ ಕೆಲಸ ಮಾಡುವ ಎಲ್ಲರಿಗೂ ಪರಿಚಿತ. ಅದಕ್ಕೆ ಗ್ರೂಮಿಂಗ್ ಅನ್ನುತ್ತೇವೆ. ಮಗುವನ್ನು ಲೈಂಗಿಕವಾಗಿ ಬಳಸಿಕೊಳ್ಳುವ ಉದ್ದೇಶ ಇರುವ ವ್ಯಕ್ತಿ ಒಂದೇ ಸಲಕ್ಕೆ ಮೈಮೇಲೆ ಬೀಳುವುದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಂಬಿಕೆ ಗಳಿಸುತ್ತಾನೆ. ಮಗುವಿನ ನಂಬಿಕೆ ಮಾತ್ರವಲ್ಲ, ಮನೆಯವರದು, ಶಾಲೆಯವರದು ಕೂಡ. ಅಮ್ಮನ ಕೈಯ ಊಟ ಹೊಗಳುತ್ತಾನೆ. ಅಪ್ಪನ ಜೊತೆ ಕ್ರಿಕೆಟ್ ಮಾತಾಡುತ್ತಾನೆ. ಶಾಲೆಯಲ್ಲಿ "ಅವರಿಲ್ಲದಿದ್ದರೆ ಸ್ಕೂಲ್ ಡೇ ನಡೆಯೋದೇ ಇಲ್ಲ" ಅನ್ನಿಸಿಕೊಳ್ಳುತ್ತಾನೆ. ಮುಂದೆ ಮಗು ಏನಾದರೂ ಹೇಳಿದರೂ "ಛೇ, ಅವರಾ? ಸಾಧ್ಯವೇ ಇಲ್ಲ" ಎಂದು ಎಲ್ಲರೂ ಅನ್ನಬೇಕು. ಅದಕ್ಕಾಗಿಯೇ ಈ ತಯಾರಿ.

ಅಪರಿಚಿತರಿಂದ ದೂರ ಇರು ಎಂದು ನಾವು ಮಕ್ಕಳಿಗೆ ಹೇಳುತ್ತಾ ಬಂದಿದ್ದೇವೆ. ಅಂಕಿಅಂಶ ಬೇರೆಯದೇ ಹೇಳುತ್ತವೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯ ಅಡಿಯ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಗೊತ್ತಿರುವವರೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ವರ್ಷದಿಂದ ವರ್ಷಕ್ಕೆ ತೋರಿಸುತ್ತಿವೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದೇವೆ ಎಂದವರು ಶೇ. 53ರಷ್ಟು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡು ಮಕ್ಕಳು. "ಗಂಡು ಹುಡುಗ, ಏನಾಗುತ್ತೆ" ಅನ್ನುವ ನಿಮ್ಮ ಯಜಮಾನರಿಗೆ ಈ ಒಂದು ಸಾಲನ್ನು ದಯವಿಟ್ಟು ಓದಿ ಹೇಳಿ.

ಈಗ ನಿಮ್ಮ ಪತ್ರಕ್ಕೇ ಬರೋಣ. ಅದರಲ್ಲಿರುವ ಎಲ್ಲವೂ ಒಂದೇ ತೂಕದ್ದಲ್ಲ. ಶೂ ಕೊಡಿಸಿದ್ದು ನನಗೆ ಅಷ್ಟಾಗಿ ಚಿಂತೆ ತರುವುದಿಲ್ಲ. ಸ್ವಂತ ದುಡ್ಡಿನಲ್ಲಿ ಬಡ ಮಕ್ಕಳಿಗೆ ಶೂ, ಮೊಟ್ಟೆ, ಬಾಳೆಹಣ್ಣು ಕೊಡಿಸುವ ಪಿ.ಟಿ. ಮೇಷ್ಟ್ರುಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಂದಲೇ ಎಷ್ಟೋ ಹಳ್ಳಿ ಹುಡುಗರು ರಾಜ್ಯ ಮಟ್ಟದ ಓಟ ಓಡಿದ್ದಾರೆ. ಅಸೆಂಬ್ಲಿಯಲ್ಲಿ, ಎಲ್ಲರ ಮುಂದೆ, ಎಚ್.ಎಂ. ಕೈಯಿಂದ ಕೊಡಿಸಿದ ಶೂ ಉಡುಗೊರೆಯೇ. ಗುಟ್ಟಾಗಿ ಕೊಟ್ಟು, "ಯಾರಿಗೂ ಹೇಳಬೇಡ, ನಿನಗೆ ಮಾತ್ರ" ಅಂದಿದ್ದರೆ ಅದೇ ಶೂ ಹಗ್ಗವಾಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಆ ಅಳಿಸಿದ ಮೆಸೇಜುಗಳು. ಓಟದ ಟೈಮಿಂಗ್, ಬೆಳಿಗ್ಗೆ ಎಷ್ಟು ಗಂಟೆಗೆ ಮೈದಾನಕ್ಕೆ ಬರಬೇಕು, ಏನು ತಿನ್ನಬೇಕು: ಇದರಲ್ಲಿ ಅಳಿಸುವಂಥದ್ದು ಏನಿದೆ? ಅದೂ ತಾಯಿಯ ಫೋನಿನಲ್ಲಿ? ದೊಡ್ಡವರು ಮಗುವಿಗೆ ತಂದೆತಾಯಿಯಿಂದ ಮುಚ್ಚಿಡುವುದನ್ನು ಕಲಿಸಿದರೆ, ಕಾರಣ ಎಷ್ಟೇ ನಾಜೂಕಾಗಿ ಕೇಳಿಸಲಿ, ಅಲ್ಲಿಗೆ ನಿಲ್ಲಿಸಬೇಕು. "ಬೇರೆ ಹುಡುಗರಿಗೆ ಹೊಟ್ಟೆಕಿಚ್ಚು" ಅನ್ನುವ ಮಾತನ್ನೂ ಗಮನಿಸಿ. ಅದು ಅವನನ್ನು ಗೆಳೆಯರಿಂದ ಬೇರೆ ಮಾಡುತ್ತದೆ. ನೀನು ವಿಶೇಷ, ನಿನ್ನನ್ನು ಅರ್ಥ ಮಾಡಿಕೊಂಡವನು ನಾನೊಬ್ಬನೇ ಅನ್ನುವ ಭಾವನೆ ಬೆಳೆಸುತ್ತದೆ. ಆಮೇಲೆ ಬೈಕ್, ಆಮೇಲೆ ರಾತ್ರಿ ಮಾತು, ಈಗ ಲಾಡ್ಜ್. ಪ್ರತಿ ಹೆಜ್ಜೆಯೂ ಹಿಂದಿನದಕ್ಕಿಂತ ಸ್ವಲ್ಪವೇ ಮುಂದೆ. ಅದಕ್ಕೇ ಯಾವ ಹೆಜ್ಜೆಯಲ್ಲೂ "ಇದು ಅತಿಯಾಯ್ತು" ಎಂದು ಬಾಯಿಬಿಟ್ಟು ಹೇಳಲು ನಿಮಗೆ ಆಗಲಿಲ್ಲ. ತಪ್ಪು ನಿಮ್ಮದಲ್ಲ. ಯಾರಿಗಾದರೂ ಹೀಗೇ ಆಗುತ್ತದೆ.

ಇದರ ಮುಂದಿನ ಹೆಜ್ಜೆಗಳು ಹೇಗಿರುತ್ತವೆ ಅನ್ನುವುದು ನಿಮಗೆ ಗೊತ್ತಿರಬೇಕು. ಮುಟ್ಟುವುದಕ್ಕೆ ಮೊದಲು ಒಂದು ನೆಪ ಬರುತ್ತದೆ. ಆಟದ ಮೇಷ್ಟ್ರಿಗೆ ನೆಪಗಳಿಗೆ ಬರವಿಲ್ಲ: ಕಾಲು ಹಿಡಿದುಕೊಂಡಿದೆ, ಎಣ್ಣೆ ಹಚ್ಚಿ ತಿಕ್ಕುತ್ತೇನೆ, ತೂಕ ನೋಡಬೇಕು, ಬಟ್ಟೆ ಬದಲಿಸು. ಸಂಗೀತದವರಾದರೆ ಉಸಿರಾಟ, ಡ್ಯಾನ್ಸ್‌ನವರಾದರೆ ಭಂಗಿ. ಮಗು ಬೆಚ್ಚಿದರೆ "ಅಯ್ಯೋ, ತಮಾಷೆಗೆ" ಎಂದು ನಗುತ್ತಾರೆ. ಬೆಚ್ಚದಿದ್ದರೆ ಮುಂದಿನ ಸಲ ಇನ್ನೊಂದಿಷ್ಟು ಮುಂದೆ. ಮಧ್ಯೆ ಪೋಲಿ ಜೋಕು, "ನೀನೀಗ ದೊಡ್ಡವನು" ಎಂದು ತೋರಿಸುವ ವಿಡಿಯೊ. ಕೆಲವರು ಸಿಗರೇಟು, ಬಿಯರ್ ರುಚಿ ತೋರಿಸುತ್ತಾರೆ. ನನ್ನ ಪ್ರಕಾರ ಎಲ್ಲಕ್ಕಿಂತ ಕ್ರೂರವಾದದ್ದು ಇದೇ. ಈಗ ಹುಡುಗನೂ ಒಂದು "ತಪ್ಪು" ಮಾಡಿದ್ದಾನೆ. ಸರ್ ವಿಷಯ ಹೇಳಿದರೆ ತನ್ನ ವಿಷಯವೂ ಹೊರಗೆ ಬರುತ್ತದೆ. ಅಪ್ಪ ಚರ್ಮ ಸುಲಿಯುತ್ತಾರೆ. ಹಾಗಾಗಿ ಬಾಯಿ ಮುಚ್ಚಿಕೊಳ್ಳುತ್ತಾನೆ. ಮಕ್ಕಳು ಹೇಳದಿರುವುದಕ್ಕೆ ಬೆದರಿಕೆಯಷ್ಟೇ ಅಲ್ಲ, ಈ ಪಾಲುದಾರಿಕೆಯ ಭಾವನೆಯೂ ಕಾರಣ.

ಇನ್ನೊಂದು ಕಾರಣವೂ ಇದೆ. ಮಗುವಿಗೆ ಆ ವ್ಯಕ್ತಿ ಇಷ್ಟ. ನಿಜವಾಗಿಯೂ ಇಷ್ಟ. ತನ್ನನ್ನು ಗುರುತಿಸಿದವರು, ಹೊಗಳಿದವರು, ಟೀಮಿಗೆ ಸೇರಿಸಿಕೊಂಡವರು ಅವರು. ಅವರನ್ನು ಕಳೆದುಕೊಂಡರೆ ಓಟವನ್ನೂ ಕಳೆದುಕೊಂಡ ಹಾಗೆ. ಶಾಲೆಗಳಲ್ಲಿ ಹೇಳಿಕೊಡುವ "ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ" ಪಾಠ ಇಲ್ಲಿ ಸೋಲುವುದೂ ಇದರಿಂದಲೇ. ಇಷ್ಟವಾದವರು ಪ್ರೀತಿಯಿಂದ ಮುಟ್ಟಿದ್ದು ಮಗುವಿಗೆ ಕೆಟ್ಟದ್ದು ಅನ್ನಿಸುವುದೇ ಇಲ್ಲ. ಅದಕ್ಕೇ ನಾನು ಮಕ್ಕಳಿಗೆ ಭಾವನೆಯ ಬದಲು ನಿಯಮ ಹೇಳಿಕೊಡಿ ಅನ್ನುತ್ತೇನೆ. ಚಡ್ಡಿಯ ಒಳಗಿನ ಜಾಗವನ್ನು ಯಾರೂ ಮುಟ್ಟುವಂತಿಲ್ಲ, ನೋಡುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಡಾಕ್ಟರ್ ನೋಡುವುದಾದರೆ ಅಪ್ಪನೋ ಅಮ್ಮನೋ ಪಕ್ಕದಲ್ಲಿರಬೇಕು. ಇನ್ನೊಬ್ಬರದನ್ನು ಮುಟ್ಟು ಎಂದು ನಿನಗೆ ಹೇಳುವಂತಿಲ್ಲ. ದೊಡ್ಡವರು ನಿನ್ನ ಜೊತೆ ಗುಟ್ಟು ಇಟ್ಟುಕೊಳ್ಳುವಂತಿಲ್ಲ. ಇಷ್ಟವಾಯ್ತೋ ಇಲ್ಲವೋ ಅನ್ನುವುದು ಪ್ರಶ್ನೆಯೇ ಅಲ್ಲ. ನಿಯಮ ಮುರಿದರೆ ಮನೆಗೆ ಬಂದು ಹೇಳಬೇಕು, ಅಷ್ಟೇ.

"ಮಗುವಿನ ವರ್ತನೆಯಲ್ಲಿ ಏನು ಗಮನಿಸಬೇಕು?" ಎಂದು ಪೋಷಕರೆಲ್ಲ ಕೇಳುತ್ತಾರೆ. ನಿದ್ದೆ ಕೆಡುವುದು, ಕಾರಣವಿಲ್ಲದ ಹೊಟ್ಟೆನೋವು, ಇದ್ದಕ್ಕಿದ್ದಂತೆ ಪ್ರಾಕ್ಟೀಸ್‌ಗೆ ಹೋಗಲ್ಲ ಅನ್ನುವುದು, ಎಲ್ಲಿಂದ ಬಂತೆಂದು ಹೇಳಲಾಗದ ದುಡ್ಡು ಅಥವಾ ವಸ್ತು, ವಯಸ್ಸಿಗೆ ಮೀರಿದ ಲೈಂಗಿಕ ಮಾತು, ಸಿಡುಕು. ಇವೆಲ್ಲ ಪಟ್ಟಿಯಲ್ಲಿ ಇರುತ್ತವೆ, ನಿಜ. ಆದರೆ 13 ವರ್ಷದ ಹುಡುಗ ಯಾವ ಕಾರಣಕ್ಕಾದರೂ ಸಿಡುಕಬಹುದು. ದೌರ್ಜನ್ಯ ನಡೆಯುತ್ತಿರುವಾಗಲೂ ನಗುತ್ತಾ, ಮಾರ್ಕ್ಸ್ ತೆಗೆಯುತ್ತಾ ಇರುವ ಮಕ್ಕಳಿದ್ದಾರೆ. ಮಗುವಿನ ಮುಖದಲ್ಲಿ ಗುರುತು ಮೂಡಲಿ ಎಂದು ಕಾಯುತ್ತಾ ಕೂತರೆ ತಡವಾಗಿರುತ್ತದೆ. ನೋಡಬೇಕಾದದ್ದು ದೊಡ್ಡವರ ನಡವಳಿಕೆಯನ್ನು. ಅದು ಕಣ್ಣಿಗೆ ಕಾಣುತ್ತದೆ, ಮೊದಲೇ ಕಾಣುತ್ತದೆ, ಅದನ್ನು ತಡೆಯಲು ಅವರ ಮನಸ್ಸಿನಲ್ಲಿ ಏನಿದೆ ಎಂದು ಸಾಬೀತು ಮಾಡಬೇಕಾಗಿಯೂ ಇಲ್ಲ. ನೀವು ಮಾಡಿದ್ದು ಇದನ್ನೇ. ಆದ್ದರಿಂದ ನಿಮ್ಮ ಅನುಮಾನವನ್ನು ನಾನು ಅನುಮಾನ ಅನ್ನುವುದಿಲ್ಲ, ಎಚ್ಚರ ಅನ್ನುತ್ತೇನೆ.

ಈ ವಾರ ಏನು ಮಾಡಬೇಕು ಅನ್ನುವುದನ್ನು ಹೇಳುತ್ತೇನೆ.

ಕ್ರೀಡಾಕೂಟಕ್ಕೆ ಮಗ ಹೋಗಲಿ. ಓಟ ನಿಲ್ಲಿಸಿದರೆ ಅದು ಅವನಿಗೆ ಶಿಕ್ಷೆ. ನಾಳೆ ಏನಾದರೂ ಹೇಳಿಕೊಳ್ಳಬೇಕು ಅನ್ನಿಸಿದರೂ "ಹೇಳಿದರೆ ಓಟ ಹೋಗುತ್ತೆ" ಎಂದು ಸುಮ್ಮನಾಗುತ್ತಾನೆ. ನೀವೋ ಯಜಮಾನರೋ ಜೊತೆಗೆ ಹೋಗಿ. ಬೆಳಗಿನ ಮೊದಲ ಬಸ್ ಹಿಡಿದರೆ ತಲುಪುವಂತಿದ್ದರೆ ರಾತ್ರಿ ಉಳಿಯುವ ಮಾತೇ ಬೇಡ. ಸರ್‌ಗೆ ಸರಳವಾಗಿ ಹೇಳಿ: "ಸರ್, ಅವನ ಜೊತೆ ನಾವೇ ಬರ್ತೀವಿ. ಇನ್ಮೇಲೆ ಪ್ರಾಕ್ಟೀಸ್ ವಿಷಯ ಏನಿದ್ರೂ ನನಗೆ ಇಲ್ಲಾ ಅವರಪ್ಪನಿಗೆ ಹೇಳಿ. ರಾತ್ರಿ ಮೆಸೇಜ್ ಬೇಡ. ಮನೆಗೆ ನಾವೇ ಕರ್ಕೊಂಡು ಬರ್ತೀವಿ." ಕಾರಣ ಕೊಡಬೇಕಾಗಿಲ್ಲ. ಜಗಳವೂ ಬೇಡ.

ಅವರು ಹೇಗೆ ಪ್ರತಿಕ್ರಿಯಿಸುತ್ತಾರೆ ನೋಡಿ. ಶುದ್ಧ ಮನಸ್ಸಿನ ಮೇಷ್ಟ್ರಿಗೆ ಸ್ವಲ್ಪ ಬೇಜಾರಾಗಬಹುದು, ಆದರೂ "ಆಯ್ತಮ್ಮ, ಒಳ್ಳೇದೇ ಆಯ್ತು" ಎಂದು ಒಪ್ಪುತ್ತಾರೆ. ಮತ್ತೆ ಮತ್ತೆ ಒತ್ತಾಯ ಮಾಡಿದರೆ, "ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ನಿಮ್ಮಲ್ಲಿ ತಪ್ಪಿತಸ್ಥ ಭಾವನೆ ಹುಟ್ಟಿಸಿದರೆ, "ನಿಮ್ಮಮ್ಮ ನಿನ್ನ ಭವಿಷ್ಯ ಹಾಳು ಮಾಡ್ತಿದ್ದಾರೆ" ಎಂದು ಮಗನ ಕಿವಿ ಊದಿದರೆ, ಟೀಮಿನಿಂದ ತೆಗೆಯುತ್ತೇನೆ ಅಂದರೆ, ನಿಮ್ಮ ಎಚ್ಚರ ಇನ್ನೂ ಹೆಚ್ಚಲಿ. ಜಾಣರು ನಗುತ್ತಾ ಒಪ್ಪಿ ಬೇರೆ ದಾರಿ ಹುಡುಕುವುದೂ ಉಂಟು. ಹಾಗಾಗಿ ಒಪ್ಪಿದರು ಎಂದು ಕಣ್ಣು ಮುಚ್ಚಬೇಡಿ. ಮಗ ಗೆಳೆಯರ ಫೋನಿನಲ್ಲಿ, ಇನ್‌ಸ್ಟಾಗ್ರಾಂನಲ್ಲಿ, ಫ್ರೀ ಫೈರ್‌ನಂಥ ಆಟಗಳ ಚಾಟ್‌ನಲ್ಲಿ ಅವರ ಜೊತೆ ಮಾತಾಡುತ್ತಾನಾ ಎಂದು ನೋಡಿಕೊಳ್ಳಿ.

ಫೋನಿನ ವಿಷಯದಲ್ಲಿ ಒಂದು ಎಚ್ಚರಿಕೆ. ಅಳಿಸಿದ ಮೆಸೇಜ್ ವಾಪಸ್ ತರುತ್ತೇವೆ ಅನ್ನುವ ಆ್ಯಪ್‌ಗಳನ್ನು ಹಾಕಬೇಡಿ. ಉಳಿದಿರುವ ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ತಾರೀಕು, ಸಮಯ ಕಾಣುವಂತಿರಲಿ. ನಾಳೆ ಬೇಕಾದರೆ ಫೋನನ್ನು ಪೊಲೀಸರೇ ಪರೀಕ್ಷೆಗೆ ಕಳಿಸುತ್ತಾರೆ. ಒಂದು ವೇಳೆ ಮಗುವಿನ ಬೆತ್ತಲೆ ಫೋಟೊ, ವಿಡಿಯೊ ಸಿಕ್ಕರೆ ಸಾಕ್ಷಿಗೆಂದೂ ಯಾರಿಗೂ ಕಳಿಸಬೇಡಿ. ಅಕ್ಕನಿಗೂ ಬೇಡ, ಎಚ್.ಎಂ.ಗೂ ಬೇಡ. ಅಂಥದ್ದನ್ನು ಹಂಚುವುದೇ ಅಪರಾಧ. ಫೋನನ್ನು ಹಾಗೇ ತೆಗೆದುಕೊಂಡು ಠಾಣೆಗೆ ಹೋಗಿ.

ಮಗನ ಜೊತೆ ಮಾತಾಡುವುದು ಎಲ್ಲಕ್ಕಿಂತ ಸೂಕ್ಷ್ಮ. ಎದುರಿಗೆ ಕೂರಿಸಿಕೊಂಡು "ಸರ್ ನಿನಗೇನಾದ್ರೂ ಮಾಡಿದ್ರಾ? ಹೇಳು!" ಎಂದರೆ "ಇಲ್ಲ" ಅನ್ನುವ ಉತ್ತರ ಖಾತ್ರಿ. ಅಪ್ಪನೂ ಅಮ್ಮನೂ ಸೇರಿ ಕೇಳಿದರಂತೂ ಮುಗಿಯಿತು. ಒಟ್ಟಿಗೆ ನಡೆದುಕೊಂಡು ಹೋಗುವಾಗ, ಅವರೆಕಾಳು ಸುಲಿಯುವಾಗ, ಗಾಡಿಯಲ್ಲಿ ಹಿಂದೆ ಕೂತಾಗ ಮಾತು ತೆಗೆಯಿರಿ. ಮುಖ ನೋಡಬೇಕಾಗಿಲ್ಲದಾಗ ಹುಡುಗರ ಬಾಯಿ ಸಲೀಸಾಗಿ ತೆರೆಯುತ್ತದೆ. "ಪ್ರಾಕ್ಟೀಸ್ ಮುಗಿದ ಮೇಲೆ ಏನ್ ಮಾಡ್ತೀರಿ?" "ಬೈಕಲ್ಲಿ ಬರುವಾಗ ಎಲ್ಲಾದ್ರೂ ನಿಲ್ಲಿಸ್ತಾರಾ?" "ಸರ್ ಮೆಸೇಜಲ್ಲಿ ಏನ್ ಮಾತಾಡ್ತಾರೆ?" ಇಂಥ ತೆರೆದ ಪ್ರಶ್ನೆ ಕೇಳಿ. ಉತ್ತರವನ್ನು ನೀವೇ ಅವನ ಬಾಯಿಗೆ ಹಾಕಬೇಡಿ. ಸರ್ ಕೆಟ್ಟವರು ಎಂದೂ ಹೇಳಬೇಡಿ, ಅವನು ಅವರ ಪರ ನಿಂತುಬಿಡುತ್ತಾನೆ. ಇಷ್ಟು ಹೇಳಿ: "ದೊಡ್ಡವರು ಮಕ್ಕಳ ಹತ್ರ ಗುಟ್ಟು ಇಟ್ಕೋಬಾರದು. ಅದು ದೊಡ್ಡವರ ತಪ್ಪು, ನಿಂದಲ್ಲ. ನೀನೇನಾದ್ರೂ ಮಾಡಿದ್ರೂ ಬೈಯಲ್ಲ. ಸಿಗರೇಟು ಸೇದಿದ್ರೂ ಬೈಯಲ್ಲ." ಕೊನೆಯ ಸಾಲು ವಿಚಿತ್ರ ಅನ್ನಿಸಬಹುದು. ಮೇಲೆ ಹೇಳಿದ ಪಾಲುದಾರಿಕೆಯ ಗಂಟನ್ನು ಬಿಚ್ಚುವುದು ಅದೇ. ಆಮೇಲೆ ಬಿಟ್ಟುಬಿಡಿ. ಒಂದೇ ದಿನಕ್ಕೆ ಬರದಿದ್ದರೆ ಇನ್ನೊಂದು ದಿನ ಬರುತ್ತದೆ. ಏನೂ ನಡೆದೇ ಇಲ್ಲದಿರಬಹುದು, ಹಾಗೇ ಆಗಲಿ. ಆಗಲೂ ಈ ಮಾತು ದಂಡವಲ್ಲ.

ಒಂದು ವೇಳೆ ಅವನು ಏನೋ ನಡೆದಿದೆ ಎಂದು ಹೇಳಿದರೆ, ಆ ಹೊತ್ತಿನ ನಿಮ್ಮ ಮುಖ ಅವನಿಗೆ ಜೀವನವಿಡೀ ನೆನಪಿರುತ್ತದೆ. ಎದೆ ಒಡೆದರೂ ಕಿರುಚಬೇಡಿ. "ಹೇಳಿದ್ದು ಒಳ್ಳೇದಾಯ್ತು. ನಿನ್ನ ನಂಬ್ತೀನಿ. ನಿನ್ನ ತಪ್ಪಿಲ್ಲ" ಅನ್ನಿ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ, ಏಕೆಂದರೆ ಹೇಳಲೇಬೇಕಾಗುತ್ತದೆ. "ನಿನ್ನನ್ನ ಕಾಪಾಡೋವ್ರಿಗೆ ಮಾತ್ರ ಹೇಳ್ತೀನಿ" ಅನ್ನಿ. ಅವನು ಬಳಸಿದ ಪದಗಳನ್ನೇ, ತಿದ್ದದೆ, ಆಮೇಲೆ ಬರೆದಿಡಿ. ಅಜ್ಜಿ, ಮಾವ, ಎಚ್.ಎಂ. ಮುಂದೆಲ್ಲ ಮತ್ತೆ ಮತ್ತೆ ಹೇಳಿಸಬೇಡಿ. ಗಂಡು ಮಕ್ಕಳು ಕೇಳಲಾಗದೆ ಒಳಗೇ ಕೊರಗುವ ಎರಡು ಪ್ರಶ್ನೆಗಳಿವೆ. ನನ್ನ ಮೈ ಸ್ಪಂದಿಸಿತಲ್ಲ, ಹಾಗಾದರೆ ನಾನೇ ಬಯಸಿದೆನಾ? ಇನ್ಮೇಲೆ ನಾನು ಗಂಡಸಾಗಲ್ವಾ? ಎರಡಕ್ಕೂ ಉತ್ತರ "ಇಲ್ಲ". ಕಚಗುಳಿ ಇಟ್ಟರೆ ಬೇಡವಾದರೂ ನಗು ಬರುತ್ತದಲ್ಲ, ಮೈ ಕೆಲಸ ಮಾಡುವುದು ಹಾಗೆ. ಈ ಮಾತನ್ನು ಅಪ್ಪನೇ ಹೇಳಿದರೆ ಮಗನಿಗೆ ತುಂಬಾ ಧೈರ್ಯ ಬರುತ್ತದೆ.

ಕಾನೂನು ನಿಮ್ಮ ಪರವಾಗಿದೆ. ಪೋಕ್ಸೋ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. 18 ತುಂಬದ ಎಲ್ಲ ಮಕ್ಕಳಿಗೂ ಅನ್ವಯ, ಗಂಡು ಹೆಣ್ಣು ಭೇದವಿಲ್ಲ. ಲೈಂಗಿಕ ಉದ್ದೇಶದಿಂದ ಮಗುವನ್ನು ಫೋನಿನಲ್ಲಿ ಪದೇ ಪದೇ ಸಂಪರ್ಕಿಸುವುದು, ಅಶ್ಲೀಲ ಚಿತ್ರ ತೋರಿಸುವುದು 11ನೇ ಸೆಕ್ಷನ್‌ನಲ್ಲಿ ಬರುತ್ತದೆ. 3 ವರ್ಷದವರೆಗೆ ಜೈಲು. ಆನ್‌ಲೈನ್‌ನಲ್ಲಿ ಮಕ್ಕಳನ್ನು ಲೈಂಗಿಕ ಸಂಬಂಧಕ್ಕೆ ಪುಸಲಾಯಿಸುವುದು ಐ.ಟಿ. ಕಾಯ್ದೆಯ 67ಬಿ ಪ್ರಕಾರ ಮೊದಲ ಸಲಕ್ಕೇ 5 ವರ್ಷದವರೆಗೆ ಶಿಕ್ಷೆ ತರುವ ಅಪರಾಧ. ಶಾಲೆಯ ಸಿಬ್ಬಂದಿಯೇ ಲೈಂಗಿಕವಾಗಿ ಮುಟ್ಟಿದರೆ ಅದು ಗುರುತರ ಅಪರಾಧ, ಕನಿಷ್ಠ 5 ವರ್ಷ. "ಬಟ್ಟೆ ಮೇಲಿಂದ ತಾನೇ?" ಅನ್ನುವ ವಾದಕ್ಕೆ ಸುಪ್ರೀಂ ಕೋರ್ಟ್ 2021ರ ನವೆಂಬರ್‌ನಲ್ಲೇ ತೆರೆ ಎಳೆದಿದೆ. ಚರ್ಮಕ್ಕೆ ಚರ್ಮ ತಾಗಬೇಕಾಗಿಲ್ಲ, ಲೈಂಗಿಕ ಉದ್ದೇಶ ಇದ್ದರೆ ಸಾಕು.

ದೂರು ಕೊಡುವುದು ನಿಮ್ಮಿಷ್ಟಕ್ಕೆ ಬಿಟ್ಟಿದ್ದಲ್ಲ. ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಎಂದು ಪೋಕ್ಸೋದ 19ನೇ ಸೆಕ್ಷನ್ ಹೇಳುತ್ತದೆ. ನಡೆಯಬಹುದು ಅನ್ನುವ ಆತಂಕ ಇದ್ದರೂ ತಿಳಿಸಬೇಕು ಎಂದು ಅದರಲ್ಲೇ ಇದೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ತನ್ನ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಮಹಾರಾಷ್ಟ್ರದ ಹಾಸ್ಟೆಲ್ ಒಂದರ ಹುಡುಗಿಯರಿಗೆ ಚಿಕಿತ್ಸೆ ಕೊಟ್ಟ ವೈದ್ಯರೊಬ್ಬರು ವಿಷಯ ಗೊತ್ತಿದ್ದೂ ತಿಳಿಸಲಿಲ್ಲ ಅನ್ನುವ ಪ್ರಕರಣದಲ್ಲಿ, ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಹಾಗಾಗಿ "ಒಳಗೊಳಗೇ ಸರಿ ಮಾಡೋಣ, ಶಾಲೆಯ ಮರ್ಯಾದೆ" ಎಂದು ಯಾರಾದರೂ ಅಂದರೆ ಒಪ್ಪಬೇಡಿ. ರಾಜೀನಾಮೆ ಪಡೆದು ಕಳಿಸಿದರೆ ಆ ಮನುಷ್ಯ ಪಕ್ಕದ ತಾಲೂಕಿನ ಶಾಲೆಗೆ ಸೇರುತ್ತಾನೆ. ಅಲ್ಲೂ ಮಕ್ಕಳಿದ್ದಾರೆ.

ಠಾಣೆ ಎಂದರೆ ಭಯವಾಗುವುದು ಸಹಜ. ಪೋಕ್ಸೋದಲ್ಲಿ ಮಗುವಿನ ಹೇಳಿಕೆಯನ್ನು ಮನೆಯಲ್ಲೇ, ಅಥವಾ ಮಗುವಿಗೆ ಸರಿ ಅನ್ನಿಸುವ ಜಾಗದಲ್ಲಿ ಪಡೆಯಬೇಕು. ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ಸಾಧ್ಯವಾದಷ್ಟೂ ಮಹಿಳಾ ಎಸ್‌.ಐ. ಅಥವಾ ಅವರಿಗಿಂತ ಮೇಲಿನವರೇ ಬರೆದುಕೊಳ್ಳಬೇಕು. ನೀವು ಪಕ್ಕದಲ್ಲಿರಬಹುದು. ನಮ್ಮ ವ್ಯಾಪ್ತಿ ಅಲ್ಲ ಎಂದು ಠಾಣೆಯಿಂದ ವಾಪಸ್ ಕಳಿಸುವಂತಿಲ್ಲ. ಎಫ್‌ಐಆರ್ ಪ್ರತಿ ಉಚಿತ. ಚಿಕಿತ್ಸೆಯನ್ನು ಸರ್ಕಾರಿ ಆಸ್ಪತ್ರೆಯಷ್ಟೇ ಅಲ್ಲ, ಖಾಸಗಿ ಆಸ್ಪತ್ರೆಯೂ ಕೂಡಲೇ, ಉಚಿತವಾಗಿ ಕೊಡಬೇಕು. 24 ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಕೇಸಿನ ಉದ್ದಕ್ಕೂ ಜೊತೆಗಿರಲು ಒಬ್ಬ ಬೆಂಬಲ ವ್ಯಕ್ತಿಯನ್ನು ಆ ಸಮಿತಿಯಿಂದ ಕೇಳಿ ಪಡೆಯಬಹುದು. ಏನು ಮಾಡಬೇಕೆಂದೇ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಸರಿ, ದುಡ್ಡು ಬೀಳುವುದಿಲ್ಲ.

ನಿಮ್ಮ ಮಗ ಏನೂ ಹೇಳದಿದ್ದರೂ ಶಾಲೆಗೆ ಒಂದು ಪತ್ರ ಬರೆಯಿರಿ. ಬಾಯಿಮಾತು ಬೇಡ, ಬರಹದಲ್ಲಿರಲಿ, ಸ್ವೀಕೃತಿ ಪಡೆಯಿರಿ. ಬಣ್ಣಿಸಬೇಡಿ, ಬೈಯಬೇಡಿ, ನಡೆದದ್ದನ್ನಷ್ಟೇ ಬರೆಯಿರಿ: ಇಂಥ ದಿನ ರಾತ್ರಿ ಇಷ್ಟು ಹೊತ್ತಿಗೆ ಮೆಸೇಜ್ ಬಂತು, ಅಳಿಸಲು ಹೇಳಿದ್ದರು, ಒಬ್ಬನನ್ನೇ ಲಾಡ್ಜ್‌ಗೆ ಕರೆದೊಯ್ಯುವ ಮಾತು ಬಂತು. ಶಾಲೆಯ ಮಕ್ಕಳ ರಕ್ಷಣಾ ನೀತಿಯ ಪ್ರತಿ ಕೊಡಿ ಎಂದು ಕೇಳಿ. 2020ರ ಪೋಕ್ಸೋ ನಿಯಮಗಳ ಪ್ರಕಾರ ಮಕ್ಕಳೊಡನೆ ಕೆಲಸ ಮಾಡುವ ಸಂಸ್ಥೆಗಳು ಇಂಥ ನೀತಿಯನ್ನು ಅಳವಡಿಸಿಕೊಳ್ಳಬೇಕು. ಮಕ್ಕಳ ಸಂಪರ್ಕಕ್ಕೆ ಬರುವ ಎಲ್ಲ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನೂ ಆಗಾಗ ಮಾಡಿಸಬೇಕು. ಕೋಚ್, ವ್ಯಾನ್ ಡ್ರೈವರ್, ವಾರ್ಡನ್, ಅತಿಥಿ ಶಿಕ್ಷಕರು ಎಲ್ಲರೂ ಇದರಲ್ಲಿ ಸೇರುತ್ತಾರೆ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಇಡಿ. ಎಚ್.ಎಂ. ಸ್ಪಂದಿಸದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಬಹುದು.

ಶಾಲೆಯವರೂ ಈ ಉತ್ತರ ಓದುತ್ತಾರೆ ಎಂದು ನಂಬಿ ಎರಡು ಮಾತು. 2014ರ ಜುಲೈನಲ್ಲಿ ಬೆಂಗಳೂರಿನ ಶಾಲೆಯೊಂದರಲ್ಲಿ ಆರು ವರ್ಷದ ಮಗುವಿನ ಮೇಲೆ ದೌರ್ಜನ್ಯ ನಡೆದು ಸಾವಿರಾರು ಪೋಷಕರು ಬೀದಿಗಿಳಿದರು. ಆಮೇಲೆ ನಮ್ಮಲ್ಲಿ ಸುರಕ್ಷತೆ ಎಂದರೆ ಸಿಸಿಟಿವಿ ಮತ್ತು ಗೇಟಿನ ಕಾವಲು ಅನ್ನುವಂತಾಯಿತು. ಎರಡೂ ಬೇಕು. ಆದರೆ ಈ ತಾಯಿಯ ಪತ್ರ ಓದಿ ನೋಡಿ. ವಾಟ್ಸಾಪ್, ಬೈಕು, ಲಾಡ್ಜು: ಯಾವುದೂ ಕ್ಯಾಮೆರಾಗೆ ಕಾಣುವುದಿಲ್ಲ. ಬೇಕಾಗಿರುವುದು ದೊಡ್ಡವರಿಗೆ ಹಾಕುವ ನಿಯಮ. ಶಿಕ್ಷಕರು ಮಕ್ಕಳಿಗೆ ಖಾಸಗಿಯಾಗಿ ಮೆಸೇಜ್ ಮಾಡುವಂತಿಲ್ಲ, ಪೋಷಕರು ಇರುವ ಗುಂಪಿನಲ್ಲೇ ಮಾಡಬೇಕು. ಸ್ವಂತ ಗಾಡಿಯಲ್ಲಿ ಒಂದೇ ಮಗುವನ್ನು ಕರೆದೊಯ್ಯುವಂತಿಲ್ಲ. ಕ್ರೀಡಾಕೂಟಕ್ಕೋ ಪ್ರತಿಭಾ ಕಾರಂಜಿಗೋ ಹೋಗುವಾಗ ಇಬ್ಬರು ದೊಡ್ಡವರು ಇರಬೇಕು, ರಾತ್ರಿ ಮಕ್ಕಳ ರೂಮು ಬೇರೆ, ದೊಡ್ಡವರ ರೂಮು ಬೇರೆ. ಒಬ್ಬರಿಗೇ ಸ್ಪೆಷಲ್ ಕ್ಲಾಸ್ ಕೊಡುವುದಾದರೆ ಬಾಗಿಲು ತೆರೆದಿರಬೇಕು.

ಒಂದು ಶಾಲೆಗೆ ಹೋಗಿದ್ದಾಗ ಮುಖ್ಯ ಶಿಕ್ಷಕಿಯ ಜೊತೆ ಕಟ್ಟಡವನ್ನೆಲ್ಲ ಸುತ್ತಿ ಬಂದೆ. ವೇದಿಕೆಯ ಹಿಂದೆ ಆಟದ ಸಾಮಾನು ಇಡುವ ಸಣ್ಣ ಕೋಣೆ. ಕಿಟಕಿ ಇಲ್ಲ. ವಾಲಿಬಾಲ್ ನೆಟ್ಟು, ಜಾವೆಲಿನ್, ಒಂದು ಹಳೆಯ ಚಾಪೆ. ಬಾಗಿಲಿಗೆ ಒಳಗಿನಿಂದ ಚಿಲಕ. "ಸಾಮಾನು ಇಡೋ ರೂಮಿಗೆ ಒಳಗಿನ ಚಿಲಕ ಯಾಕೆ ಬೇಕು?" ಎಂದು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಅಟೆಂಡರ್‌ನ ಕರೆದು ಸ್ಕ್ರೂಡ್ರೈವರ್ ತರಿಸಿದರು, ನಿಂತು ಚಿಲಕ ತೆಗೆಸಿದರು. ಬಾಗಿಲ ಮೇಲ್ಭಾಗ ಕತ್ತರಿಸಿ ಗಾಜು ಹಾಕಿಸಲು ಬಡಗಿಗೆ ಫೋನ್ ಮಾಡಿದರು. ಯಾರ ಮೇಲೂ ಸಂಶಯ ಪಡಲಿಲ್ಲ, ಯಾರ ಮನಸ್ಸೂ ನೋಯಲಿಲ್ಲ. ಎಲ್ಲರಿಗೂ ಒಂದೇ ನಿಯಮ ಇದ್ದಾಗ ಒಳ್ಳೆಯ ಮೇಷ್ಟ್ರಿಗೂ ರಕ್ಷಣೆ. ನಾಳೆ ಯಾರೋ ಸುಳ್ಳು ಹೇಳಿದರೂ "ನಾನು ಒಬ್ಬನೇ ಇರಲೇ ಇಲ್ಲ" ಎಂದು ಅವರು ಧೈರ್ಯವಾಗಿ ಹೇಳಬಹುದು. ನಿಮ್ಮ ಯಜಮಾನರ ಚಿಂತೆಗೂ ಇದೇ ನನ್ನ ಉತ್ತರ. ಸರ್ ನಿಜಕ್ಕೂ ಒಳ್ಳೆಯವರಾಗಿದ್ದರೆ ಲಾಡ್ಜ್ ಬೇಡ ಅಂದದ್ದರಿಂದ ಅವರಿಗೆ ಏನೂ ನಷ್ಟವಿಲ್ಲ. ಅಲ್ಲದಿದ್ದರೆ ನಷ್ಟ ಯಾರಿಗೆ ಅನ್ನುವುದನ್ನು ಯಜಮಾನರೇ ಯೋಚಿಸಲಿ.

ಕೊನೆಗೆ, ಸಿಟ್ಟು ಬಂದಾಗ ಕೈ ತಾನಾಗಿ ಹೋಗುವ ಒಂದು ಜಾಗದ ಬಗ್ಗೆ. ಕ್ಲಾಸಿನ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಇದನ್ನು ಹಾಕಬೇಡಿ. ಈಗಲೂ ಬೇಡ, ಮುಂದೆ ಏನಾದರೂ ಗೊತ್ತಾದಾಗಲೂ ಬೇಡ. ಅರ್ಧ ಗಂಟೆಯಲ್ಲಿ ಊರೆಲ್ಲ ಹರಡುತ್ತದೆ. ನಿಮ್ಮ ಮಗನ ಹೆಸರು, ಮುಖ ಎಲ್ಲರಿಗೂ ಗೊತ್ತಾಗುತ್ತದೆ. ಆ ವ್ಯಕ್ತಿಗೆ ಫೋನ್ ಖಾಲಿ ಮಾಡಿಕೊಳ್ಳಲು ಸಮಯ ಸಿಗುತ್ತದೆ. ಬೇರೆ ಹುಡುಗರ ಚಿಂತೆಯೂ ನಿಮಗಿದ್ದರೆ, ಇರಲೇಬೇಕು, ಅದೇ ಟೀಮಿನ ಒಬ್ಬಿಬ್ಬರು ಹುಡುಗರ ತಾಯಂದಿರ ಮನೆಗೆ ಹೋಗಿ, "ನಾನು ಮಗನನ್ನು ಒಬ್ಬನೇ ಕಳಿಸ್ತಿಲ್ಲ, ನೀವೂ ಜೊತೆಗೆ ಬನ್ನಿ, ಒಂದೇ ಗಾಡಿ ಮಾಡ್ಕೊಂಡು ಎಲ್ಲರೂ ಹೋಗೋಣ" ಅನ್ನಿ. ಅವರಲ್ಲೂ ಯಾರಿಗಾದರೂ ಹೇಳಿಕೊಳ್ಳಲಾಗದ ಇಂಥದ್ದೇ ಚಿಂತೆ ಇದ್ದರೆ, ದಾರಿಯಲ್ಲಿ ಮಾತು ತಾನಾಗೇ ಬರುತ್ತದೆ.